ನರುಲಿಗೆ ಮನೆಮದ್ದು: ಏನು ಮಾಡಬಹುದು, ಏನು ಹಚ್ಚಲೇಬಾರದು

ನನ್ನ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಒಂದು ಕಲೆ ಇದೆ. ಹೆಸರುಕಾಳಿನಷ್ಟು ಜಾಗ, ನುಣ್ಣಗೆ ಹೊಳೆಯುತ್ತದೆ. ನನಗೆ ಒಂಬತ್ತು ವರ್ಷ ಇದ್ದಾಗ ಅಲ್ಲಿ ಒಂದು ನರುಲಿ ಎದ್ದಿತ್ತು. ಊರಿನ ಹಿರಿಯರೊಬ್ಬರು ಎಲೆಅಡಿಕೆಯ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ, ಕಡ್ಡಿ ತುದಿಯಲ್ಲಿ ತೆಗೆದು ಅದರ ಮೇಲೆ ಇಟ್ಟರು. ಪ್ರೀತಿಯಿಂದಲೇ ಮಾಡಿದರು. ನರುಲಿ ಹೋಯಿತು, ಜೊತೆಗೆ ಸುತ್ತಲಿನ ಚರ್ಮವೂ ಹೋಯಿತು. ಗಾಯ ಮಾಗಲು ಒಂದೂವರೆ ತಿಂಗಳು ಬೇಕಾಯಿತು. ಅಷ್ಟೆಲ್ಲ ಆದ ಮೇಲೆ ಮುಂದಿನ ಮಳೆಗಾಲದಲ್ಲಿ ಪಕ್ಕದ ಬೆರಳಲ್ಲಿ ಎರಡು ಹೊಸ ನರುಲಿ ಎದ್ದವು.

ಮೂರು ವರ್ಷದ ಹಿಂದೆ ನನ್ನ ಮಗಳ ಮೊಣಕಾಲಿಗೆ ನರುಲಿ ಆಯಿತು. ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಅದರಲ್ಲಿ ಸುಣ್ಣ ಸೋಡಾನೂ ಇತ್ತು. ಆಗಲೇ ನಾನು ಕೂತು ಇದರ ಬಗ್ಗೆ ಓದಿದೆ, ವೈದ್ಯರನ್ನು ಕೇಳಿದೆ, ಮನೆಯಲ್ಲಿ ಮಾಡಿ ನೋಡಿದೆ. ನನಗೆ ಗೊತ್ತಾಗಿದ್ದು ಇಷ್ಟು: ನರುಲಿ ಹೋಗುವುದು ಸುಡುವುದರಿಂದ ಅಲ್ಲ, ದಿನಾ ಸ್ವಲ್ಪ ಸ್ವಲ್ಪ ಸವೆಸುವುದರಿಂದ. ಬಚ್ಚಲ ಹಂಡೆಯ ಬಿಸಿನೀರು, ಕಾಲು ಉಜ್ಜುವ ಕಲ್ಲು ಮತ್ತು ಮೂರು ತಿಂಗಳ ತಾಳ್ಮೆ ಬೇಕು. ಸೊಪ್ಪು, ಹಾಲು, ಎಣ್ಣೆಗಳೆಲ್ಲ ಆಮೇಲೆ.

ಮೊದಲು, ನರುಲಿ ಅಂದರೆ ಏನು

ನರಹುಲಿ, ನರೂಲಿ, ನರುಲಿ ಎಂದು ಊರಿಗೊಂದು ಹೆಸರಿದೆ. ನಮ್ಮ ತೀರ್ಥಹಳ್ಳಿ ಕಡೆ ನರುಲಿ ಅನ್ನುತ್ತೇವೆ. ಇದಕ್ಕೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಈ ವೈರಸ್‌ನಲ್ಲಿ 100ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿಗೆ ನರುಲಿ ತರುವುದು 1, 2, 4ನೇ ನಂಬರಿನಂತಹ ಕೆಲವು ಬಗೆಗಳು. ಗರ್ಭಕೊರಳ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18ನೇ ಬಗೆಗಳೇ ಬೇರೆ. ಹಾಗಾಗಿ ಮಗುವಿನ ಬೆರಳಲ್ಲಿ ನರುಲಿ ಕಂಡು ಕ್ಯಾನ್ಸರ್ ಎಂದು ಹೆದರುವುದು ಬೇಡ. ಹಾಗೆಯೇ ಹೆಣ್ಣುಮಕ್ಕಳಿಗೆ ಹಾಕಿಸುವ ಎಚ್‌ಪಿವಿ ಲಸಿಕೆಯನ್ನು ಮಾಡಿರುವುದು ಕೈಯ ನರುಲಿಗಾಗಿ ಅಲ್ಲ.

ಈ ವೈರಸ್ ಇರುವುದು ಚರ್ಮದ ಮೇಲಿನ ಪದರದಲ್ಲಿ ಮಾತ್ರ. ನರುಲಿಗೆ ಬೇರು ಇರುವುದಿಲ್ಲ. ಒಳಗೆ ಕಾಣುವ ಕಪ್ಪು ಚುಕ್ಕೆಗಳನ್ನು ನಾವು ಬೇರು ಅಂದುಕೊಳ್ಳುತ್ತೇವೆ, ಅಲ್ವಾ? ಅವು ರಕ್ತ ಹೆಪ್ಪುಗಟ್ಟಿದ ಕೂದಲೆಳೆಯಂತಹ ರಕ್ತನಾಳಗಳು. ಸೂಜಿ ಹಾಕಿ ಬೇರು ಕೀಳಬೇಕು ಅನ್ನುವ ಮಾತಿಗೆ ಅರ್ಥವಿಲ್ಲ. ಕಿತ್ತರೆ ರಕ್ತ ಬರುತ್ತದೆ, ಅಷ್ಟೇ.

ವೈರಸ್ ಒಳಗೆ ಹೋಗಲು ಸಣ್ಣ ಬಿರುಕು ಸಾಕು. ನೆನೆದು ಮೆತ್ತಗಾದ ಚರ್ಮವಾದರೆ ಇನ್ನೂ ಸುಲಭ. ಮಲೆನಾಡಿನಲ್ಲಿ ಇವೆರಡಕ್ಕೂ ಕೊರತೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾಲು ಒಣಗುವುದೇ ಅಪರೂಪ. ಗದ್ದೆ ನೆಟ್ಟಿ, ತೋಟದ ಕಪ್ಪು (ನೀರು ಬಸಿಯುವ ಕಾಲುವೆ), ಒದ್ದೆ ಬೂಟು. ಮಳೆ ನಿಂತಿತು ಅನ್ನುವಾಗ ಅಡಿಕೆ ಸುಲಿತ ಶುರುವಾಗುತ್ತದೆ. ಮೆಟ್ಟುಗತ್ತಿ ಮುಂದೆ ಕೂತವರ ಬೆರಳಲ್ಲಿ ದಿನಕ್ಕೆ ನಾಲ್ಕು ಗೀರು ಬೀಳುತ್ತದೆ, ಮೇಲಿಂದ ಹಸಿ ಅಡಿಕೆಯ ಚೊಗರು. ಉಗುರಿನ ಸುತ್ತ ಚರ್ಮ ಒಡೆಯುತ್ತದೆ. ನರುಲಿಗೆ ಬೇಕಾದ ಬಾಗಿಲು ಅದೇ. ವೈರಸ್ ತಗುಲಿದ ಕೂಡಲೇ ನರುಲಿ ಏಳುವುದಿಲ್ಲ, ಒಂದರಿಂದ ಆರು ತಿಂಗಳು ಹಿಡಿಯಬಹುದು. ಆದ್ದರಿಂದ ಯಾರಿಂದ ಬಂತು ಎಂದು ಹುಡುಕಿ ಪ್ರಯೋಜನ ಇಲ್ಲ.

ಹಸುವಿನ ಕೆಚ್ಚಲಲ್ಲಿ ನರುಲಿ ಇದ್ದರೆ ಹಾಲು ಕರೆಯುವವರಿಗೆ ಬರುತ್ತದಾ ಎಂದು ನನ್ನ ಅತ್ತೆ ಕೇಳಿದ್ದರು. ಇಲ್ಲ, ಹಸುವಿನ ನರುಲಿಯ ವೈರಸ್ ಬೇರೆ ಜಾತಿಯದು, ನಮಗೆ ನರುಲಿ ತರುವುದಿಲ್ಲ. ಆದರೆ ಕೆಚ್ಚಲಲ್ಲಿ ಸಿಡುಬಿನಂತಹ ಗುಳ್ಳೆ ಇದ್ದರೆ ವಿಷಯವೇ ಬೇರೆ. ಆ ಗುಳ್ಳೆ ಕರೆಯುವವರ ಕೈಗೆ ಅಂಟುತ್ತದೆ. ಹಾಲು ಕರೆದ ಕೈಯಲ್ಲಿ ಕೆಲವೇ ದಿನದಲ್ಲಿ ನೋವಿನ ಗುಳ್ಳೆ ಎದ್ದರೆ ಅದು ನರುಲಿ ಅಲ್ಲ, ವೈದ್ಯರಿಗೆ ತೋರಿಸಿ.

ಹಂತ 1: ನರುಲಿಯೇ ಹೌದಾ ಎಂದು ನೋಡಿಕೊಳ್ಳಿ

ಬೆಳಕಿಗೆ ಹೋಗಿ ಹತ್ತಿರದಿಂದ ನೋಡಿ. ಮೇಲ್ಮೈ ಹೂಕೋಸಿನ ಹಾಗೆ ಒರಟಾಗಿದ್ದು, ಚರ್ಮದ ಗೆರೆಗಳು ಅದರ ಅಂಚಿಗೆ ಬಂದು ನಿಂತು ಹೋಗಿದ್ದರೆ, ನಡುವೆ ಕಪ್ಪು ಚುಕ್ಕೆ ಇದ್ದರೆ ಅದು ನರುಲಿ.

ಪಾದದಡಿ ಆದರೆ ಗೊಂದಲ ಜಾಸ್ತಿ. ನಮ್ಮಲ್ಲಿ ಆಣಿಯನ್ನೂ ನರುಲಿಯನ್ನೂ ಸೇರಿಸಿ ಆಣಿ ಎಂದೇ ಕರೆಯುತ್ತಾರೆ. ಗುರುತಿಸಲು ಸುಲಭದ ದಾರಿ ಇದೆ. ಹೆಬ್ಬೆರಳಿನಿಂದ ನೇರ ಒತ್ತಿ ನೋಡಿ, ಆಮೇಲೆ ಎರಡು ಬದಿಯಿಂದ ಚಿವುಟಿ ನೋಡಿ. ಒತ್ತಿದಾಗ ಜಾಸ್ತಿ ನೋವಾದರೆ ಆಣಿ, ಚಿವುಟಿದಾಗ ಜಾಸ್ತಿ ನೋವಾದರೆ ನರುಲಿ. ಆಣಿ ಬರುವುದು ಒತ್ತಡದಿಂದ, ಬಿಗಿ ಚಪ್ಪಲಿಯಿಂದ. ಅದಕ್ಕೆ ಮೊದಲ ಮದ್ದು ಚಪ್ಪಲಿ ಬದಲಾಯಿಸುವುದು.

ಕತ್ತು, ಕಂಕುಳಲ್ಲಿ ದಾರದಂತಹ ತೊಟ್ಟಿನಲ್ಲಿ ಜೋತಾಡುವ ಮೆತ್ತನೆ ಗಂಟುಗಳನ್ನೂ ನಮ್ಮ ಜನ ನರುಲಿ ಅನ್ನುತ್ತಾರೆ. ಅವು ಸಾಮಾನ್ಯವಾಗಿ ಚರ್ಮದ ಜೋತು, ಅಂಟು ಅಲ್ಲ. ಅದಕ್ಕೆ ಕೂದಲು ಕಟ್ಟಿ ಉದುರಿಸುವುದು ಹಳೆಯ ರೂಢಿ. ಕಟ್ಟಿದಲ್ಲಿ ಕೀವಾಗಿ ಕಷ್ಟಪಟ್ಟವರನ್ನು ನೋಡಿದ್ದೇನೆ. ವೈದ್ಯರ ಹತ್ತಿರ ಐದು ನಿಮಿಷದ ಕೆಲಸ ಅದು. ಇನ್ನೊಂದು ಮಾತು. ಇಂತಹ ಜೋತುಗಳು ತುಂಬ ಎದ್ದಿದ್ದು, ಕತ್ತಿನ ಹಿಂಭಾಗ ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ. ಇವೆರಡೂ ಸಕ್ಕರೆ ಕಾಯಿಲೆಯ ಮುನ್ಸೂಚನೆ ಆಗಿರಬಹುದು.

ಮಕ್ಕಳಲ್ಲಿ ಮುತ್ತಿನಂತೆ ಹೊಳೆಯುವ, ನಡುವೆ ಹೊಕ್ಕುಳಿನಂತೆ ಕುಳಿ ಇರುವ ಗುಳ್ಳೆ ಇದ್ದರೆ ಅದು ಮೊಲಸ್ಕಮ್ ಎಂಬ ಬೇರೆ ವೈರಸ್. ಅದಕ್ಕೆ ಕೆಳಗಿನ ಯಾವುದನ್ನೂ ಮಾಡಬೇಡಿ. ಬಣ್ಣ ಬದಲಾಗುತ್ತಿರುವ, ಬೇಗ ಬೆಳೆಯುತ್ತಿರುವ, ತಾನಾಗಿ ರಕ್ತ ಬರುವ ಮಚ್ಚೆ ಅಥವಾ ಗಂಟು ಇದ್ದರೆ ಮನೆಮದ್ದಿನ ಯೋಚನೆಯೇ ಬೇಡ, ನೇರ ಚರ್ಮದ ವೈದ್ಯರ ಬಳಿ ಹೋಗಿ. ಐವತ್ತು ದಾಟಿದವರಿಗೆ ಹೊಸದಾಗಿ ನರುಲಿಯಂತಹದು ಎದ್ದರೂ ಒಮ್ಮೆ ತೋರಿಸುವುದು ಒಳ್ಳೆಯದು.

ಹಂತ 2: ಯಾರು ಮನೆಯಲ್ಲಿ ಮಾಡಬಾರದು

ಸಕ್ಕರೆ ಕಾಯಿಲೆ ಇದ್ದವರು ಕಾಲಿನ ನರುಲಿಯನ್ನು ತಾವೇ ಮುಟ್ಟಬಾರದು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಾಲಿನ ಸ್ಪರ್ಶ ಕಡಿಮೆ ಇರುತ್ತದೆ, ಉಜ್ಜಿ ಗಾಯವಾದದ್ದು ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಹುಣ್ಣಾಗಿರುತ್ತದೆ. ಕಾಲಿಗೆ ರಕ್ತ ಸಂಚಾರ ಸರಿ ಇಲ್ಲದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಕೂಡ ಇದೇ ಸಾಲಿಗೆ ಸೇರುತ್ತಾರೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮದ್ದು ಹಚ್ಚುವ ಮೊದಲು ವೈದ್ಯರನ್ನು ಕೇಳಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಏನೂ ಬೇಡ.

ಮುಖ, ಕಣ್ಣಿನ ರೆಪ್ಪೆ, ತುಟಿ, ಬಾಯೊಳಗೆ, ಜನನಾಂಗ, ಗುದದ ಸುತ್ತ ಇರುವುದಕ್ಕೆ ಮನೆಮದ್ದು ಖಂಡಿತ ಬೇಡ. ಜನನಾಂಗದ ನರುಲಿ ಹೆಚ್ಚಾಗಿ 6 ಮತ್ತು 11ನೇ ಬಗೆಯ ವೈರಸ್‌ನಿಂದ ಬರುತ್ತದೆ, ದೇಹ ಸಂಪರ್ಕದಿಂದ ಹರಡುತ್ತದೆ. ನಮ್ಮ ಕಡೆ ಇದನ್ನು ಯಾರಿಗೂ ಹೇಳದೆ ಏನೇನೋ ಹಚ್ಚಿಕೊಂಡು ಸಂಕಟ ಪಡುವವರು ಇದ್ದಾರೆ. ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ವೈದ್ಯರು ದಿನಾ ನೋಡುವ ತೊಂದರೆ ಅದು. ಗಂಡ ಹೆಂಡತಿ ಇಬ್ಬರೂ ಹೋಗಿ ತೋರಿಸಿ.

ಹಂತ 3: ಸುಮ್ನೆ ಬಿಡಬಹುದಾ ಎಂದು ಯೋಚಿಸಿ

ಇದೂ ಒಂದು ಮದ್ದೇ. ಮಕ್ಕಳ ನರುಲಿಯಲ್ಲಿ ಸುಮಾರು ಅರ್ಧದಷ್ಟು ಒಂದು ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ದೇಹ ವೈರಸ್ಸನ್ನು ಗುರುತು ಹಿಡಿದ ಮೇಲೆ ಕೆಲವೊಮ್ಮೆ ಹತ್ತು ನರುಲಿ ಒಟ್ಟಿಗೇ ಉದುರುತ್ತವೆ. ದೊಡ್ಡವರಲ್ಲಿ ಇದು ನಿಧಾನ.

ನಮ್ಮ ಅಜ್ಜಿ ನರುಲಿಗೆ ದೇವರಿಗೆ ಉಪ್ಪು, ಮೆಣಸು ಹರಕೆ ಹೊರುತ್ತಿದ್ದರು. ಹರಕೆ ಹೊತ್ತ ಮೇಲೆ ಮುಟ್ಟಬಾರದು, ಕೆರೆಯಬಾರದು, ಅದರ ಕಡೆ ನೋಡಲೂಬಾರದು ಎನ್ನುತ್ತಿದ್ದರು. ಈಗ ಯೋಚಿಸಿದರೆ ಆ ಮಾತಿನಲ್ಲಿ ಎಷ್ಟು ಒಳ್ಳೆಯದಿತ್ತು ಅನ್ನಿಸುತ್ತದೆ. ಕೆರೆಯದಿದ್ದರೆ ಹರಡುವುದು ಕಡಿಮೆ, ಕಾದರೆ ಹೆಚ್ಚಿನವು ಹೋಗುತ್ತವೆ. ಮಗುವಿಗೆ ನೋವಿಲ್ಲ, ಒಂದೋ ಎರಡೋ ಇವೆ, ಹೆಚ್ಚಾಗುತ್ತಿಲ್ಲ ಎಂದಾದರೆ ಆರು ತಿಂಗಳು ಕಾಯುವುದರಲ್ಲಿ ತಪ್ಪೇನೂ ಇಲ್ಲ. ನಡೆಯಲು ನೋವಾಗುತ್ತಿದ್ದರೆ, ಉಗುರಿನ ಸುತ್ತ ಇದ್ದರೆ, ಹರಡುತ್ತಿದ್ದರೆ ಕಾಯಬೇಡಿ.

ಹಂತ 4: ನೆನೆಸು, ಉಜ್ಜು, ಮುಚ್ಚು

ಈ ಬರಹದ ಮುಖ್ಯ ಭಾಗ ಇದು. ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಬೇಕಾದದ್ದು ಒಂದು ಸಣ್ಣ ಬೋಗುಣಿ, ಬಿಸಿನೀರು, ಉಜ್ಜಲು ಒಂದು ಸಾಮಾನು, ವ್ಯಾಸಲೀನ್, ಟೇಪು. ಪಾದಕ್ಕೆ ಕಾಲುಜ್ಜುವ ಕಲ್ಲು ಆಗುತ್ತದೆ. ಬೆರಳಿಗೆ ಉಗುರು ಉಜ್ಜುವ ರಟ್ಟಿನ ಅರ ಸಾಕು. ಅದೂ ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ನಯವಾದ ಸ್ಯಾಂಡ್ ಪೇಪರ್ ತಂದು ಬೆರಳಗಲದ ತುಂಡು ಮಾಡಿಟ್ಟುಕೊಳ್ಳಿ. ನನಗೆ ಇದೇ ಹೆಚ್ಚು ಹಿಡಿಸಿತು. ಯಾಕೆಂದರೆ ಒಂದು ಸಲ ಉಜ್ಜಿದ ತುಂಡನ್ನು ಒಲೆಗೆ ಹಾಕಬಹುದು. ಮನೆಯವರೆಲ್ಲ ಬಳಸುವ ಬಚ್ಚಲ ಕಲ್ಲಿನಲ್ಲಿ ಮಾತ್ರ ನರುಲಿ ಉಜ್ಜಬೇಡಿ. ಎಲ್ಲರಿಗೂ ಹಂಚಿದ ಹಾಗೆ ಆಗುತ್ತದೆ. ಅದಕ್ಕೆ ಬೇರೆಯದೇ ಕಲ್ಲು ಇಡಿ.

ರಾತ್ರಿ ಮಲಗುವ ಮೊದಲು ಮಾಡಿ. ಮಗುವಿಗೆ ಸ್ನಾನ ಮಾಡಿಸುವ ಹದದ ಬಿಸಿನೀರಿನಲ್ಲಿ ನರುಲಿ ಇರುವ ಜಾಗವನ್ನು ಹತ್ತು ಹದಿನೈದು ನಿಮಿಷ ನೆನೆಸಿ. ಮೊಣಕಾಲಿನಂತಹ ಕಡೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಇಟ್ಟರೂ ಆಗುತ್ತದೆ. ನರುಲಿಯ ಮೇಲ್ಪದರ ಬೆಳ್ಳಗೆ, ಮೆತ್ತಗೆ ಆಗಬೇಕು. ಆಗ ಮೆಲ್ಲಗೆ ಉಜ್ಜಿ. ಬಿಳಿ ಪುಡಿ ಏಳುತ್ತದೆ. ನೋವಾಗುವ ಮೊದಲೇ, ರಕ್ತ ಕಾಣುವ ಮೊದಲೇ ನಿಲ್ಲಿಸಿ. ಮೊದಲ ವಾರ ನಾನು ಮಗಳಿಗೆ ಜಾಸ್ತಿ ಉಜ್ಜಿ ಅಳಿಸಿದೆ, ಎರಡು ದಿನ ಬಿಡಬೇಕಾಯಿತು. ಇವತ್ತಿಗೆ ಇಷ್ಟು ಸಾಕು ಅನ್ನುವ ಮನಸ್ಸು ಬೇಕು. ಉಜ್ಜಿದ ಮೇಲೆ ಒರೆಸಿ ಪೂರ್ತಿ ಒಣಗಿಸಿ, ನಿಮ್ಮ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಇಲ್ಲಿಗೆ ಬರೀ ನೀರು ಮತ್ತು ಕಲ್ಲು. ಇದಕ್ಕೆ ಒಂದು ಮದ್ದು ಸೇರಿಸುವುದಾದರೆ ನಾನು ಹೇಳುವುದು ಸ್ಯಾಲಿಸಿಲಿಕ್ ಆಸಿಡ್. ಹೆಸರು ಕೇಳಿ ಇದು ನೈಸರ್ಗಿಕ ಅಲ್ಲ ಎನ್ನಬೇಡಿ. ವಿಲ್ಲೋ ಎಂಬ ಮರದ ತೊಗಟೆಯ ಮದ್ದಿನಿಂದ ಕಂಡುಕೊಂಡ ವಸ್ತು ಅದು. ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಹಚ್ಚುವ ಮದ್ದುಗಳಲ್ಲಿ ಪರೀಕ್ಷೆಗೆ ಒಳಪಟ್ಟು, ಹಚ್ಚದವರಿಗಿಂತ ಹಚ್ಚಿದವರಿಗೆ ಹೆಚ್ಚು ಗುಣವಾಗಿದೆ ಎಂದು ಗಟ್ಟಿಯಾಗಿ ತೋರಿಸಿಕೊಟ್ಟಿರುವುದು ಇದೇ. ಮೆಡಿಕಲ್ ಶಾಪಿನಲ್ಲಿ ನರುಲಿಗೆ ಹಚ್ಚುವ ಪೇಂಟ್ ಎಂದು ಕೇಳಿ. ಸುಮಾರು 17% ಇರುವ ದ್ರವ ಸಿಗುತ್ತದೆ. ಪಾದದ ದಪ್ಪ ಚರ್ಮಕ್ಕೆ 40% ಇರುವ ಪಟ್ಟಿ ಸಿಗುತ್ತದೆ, ಕಾರ್ನ್ ಕ್ಯಾಪ್ ಎಂದು ಕೇಳಿದರೆ ಕೊಡುತ್ತಾರೆ. ಪೊಟ್ಟಣದ ಮೇಲೆ ಎಷ್ಟು ಪ್ರತಿಶತ ಎಂದು ಓದಿ ನೋಡಿ.

ಹಚ್ಚುವ ಮೊದಲು ನರುಲಿಯ ಸುತ್ತಲಿನ ಒಳ್ಳೆಯ ಚರ್ಮಕ್ಕೆ ಬಳೆಯ ಹಾಗೆ ವ್ಯಾಸಲೀನ್ ಹಚ್ಚಿ. ಆಮೇಲೆ ಕಡ್ಡಿಯ ತುದಿಯಿಂದ ನರುಲಿಯ ಮೇಲೆ ಮಾತ್ರ ಒಂದು ಹನಿ. ಒಣಗಿ ಬಿಳಿ ಪೊರೆ ಆಗುತ್ತದೆ. ಮೇಲೆ ಟೇಪು ಅಥವಾ ಬ್ಯಾಂಡೇಜ್ ಹಾಕಿ ಮಲಗಿ. ಮರುದಿನ ರಾತ್ರಿ ಮತ್ತೆ ನೆನೆಸಿದಾಗ ಆ ಪೊರೆ ಉಜ್ಜಿದರೆ ಬರುತ್ತದೆ. ಚರ್ಮ ಕೆಂಪಾಗಿ ಉರಿದರೆ ಎರಡು ಮೂರು ದಿನ ಬಿಟ್ಟು, ಉರಿ ಇಳಿದ ಮೇಲೆ ಮತ್ತೆ ಶುರು ಮಾಡಿ. ಒಡೆದ ಚರ್ಮಕ್ಕೆ, ಗಾಯಕ್ಕೆ ಹಚ್ಚಬಾರದು.

ಎಷ್ಟು ದಿನ? 12 ವಾರ. ಎಲ್ಲರೂ ಸೋಲುವುದು ಇಲ್ಲೇ. ಎರಡು ವಾರ ಹಚ್ಚಿ ಇದು ಆಗುವುದಲ್ಲ ಎಂದು ಬಿಡುತ್ತಾರೆ. ಆಮೇಲೆ ಇನ್ಯಾರೋ ಹೇಳಿದ್ದನ್ನು ಹಚ್ಚಿ ಸುಟ್ಟುಕೊಳ್ಳುತ್ತಾರೆ. ನಮ್ಮ ಮಗಳಿಗೆ ನಾಲ್ಕು ವಾರದವರೆಗೆ ಏನೂ ಬದಲಾದ ಹಾಗೆ ಕಾಣಲಿಲ್ಲ. ಐದನೇ ವಾರದಲ್ಲಿ ನಡುವೆ ತಗ್ಗಾಯಿತು. ಹತ್ತನೇ ವಾರದಲ್ಲಿ ಹೋಯಿತು. ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಕಣ್ಣಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ.

ಕಾಲ ನೋಡಿಕೊಂಡು ಶುರು ಮಾಡುವುದೂ ಒಂದು ಲೆಕ್ಕ. ಮಳೆಗಾಲದಲ್ಲಿ ಕಾಲಿಗೆ ಟೇಪು ನಿಲ್ಲುವುದಿಲ್ಲ. ಪಾದದ ನರುಲಿಗೆ ಮಳೆ ಬಿಟ್ಟ ಮೇಲೆ, ದೀಪಾವಳಿ ಹೊತ್ತಿಗೆ ಶುರು ಮಾಡಿದರೆ ಸಂಕ್ರಾಂತಿಯ ಆಸುಪಾಸಿಗೆ ಮುಗಿಯುತ್ತದೆ. ಕೈಯದಾದರೆ ಅಡಿಕೆ ಸುಲಿತದ ದಿನಗಳನ್ನು ತಪ್ಪಿಸಿಕೊಳ್ಳಿ. ತಪ್ಪಿಸಲು ಆಗದಿದ್ದರೆ ಕೈಗವಸು ಹಾಕಿ ಸುಲಿಯಿರಿ.

ಟೇಪಿನ ಬಗ್ಗೆ ಎರಡು ಮಾತು. ಬೂದು ಬಣ್ಣದ ಡಕ್ಟ್ ಟೇಪು ಅಂಟಿಸಿದರೇ ನರುಲಿ ಹೋಗುತ್ತದೆ ಎಂದು ನೀವು ಕೇಳಿರಬಹುದು. 2002ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಟೇಪು ಹಾಕಿದವರಲ್ಲಿ 85% ಜನರಿಗೂ, ಹಿಮದಂತೆ ಹೆಪ್ಪುಗಟ್ಟಿಸುವ ಚಿಕಿತ್ಸೆ ಪಡೆದವರಲ್ಲಿ 60% ಜನರಿಗೂ ಗುಣವಾಗಿತ್ತು. ಆದರೆ 2006 ಮತ್ತು 2007ರಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಅಂತಹ ದೊಡ್ಡ ಫಲ ಕಾಣಲಿಲ್ಲ. ಬರೀ ಟೇಪನ್ನೇ ನಂಬಬೇಡಿ ಎನ್ನುವುದು ನನ್ನ ಅಭಿಪ್ರಾಯ. ಮದ್ದು ಹರಡದಂತೆ, ಮಗು ಕೆರೆಯದಂತೆ ಮುಚ್ಚಿಡಲು ಅದು ಒಳ್ಳೆಯದು. ಚರ್ಮಕ್ಕೆ ಕೆರೆತ ಬಂದರೆ ಬಟ್ಟೆಯ ಮೆಡಿಕಲ್ ಟೇಪಿಗೆ ಬದಲಾಯಿಸಿ.

ಹಂತ 5: ಹಿತ್ತಲಿನ ಮದ್ದುಗಳು

ಇವನ್ನು ನೆನೆಸಿ ಉಜ್ಜಿದ ಮೇಲೆ, ಸ್ಯಾಲಿಸಿಲಿಕ್ ಆಸಿಡ್ ಬದಲಿಗೆ ಬೇಕಾದವರು ಹಚ್ಚಬಹುದು. ಎರಡನ್ನೂ ಒಟ್ಟಿಗೆ ಹಚ್ಚಬೇಡಿ. ಇವು ನರುಲಿ ತೆಗೆಯುತ್ತವೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಇದ್ದರೂ ಬೆಳ್ಳುಳ್ಳಿಯಂತಹ ಒಂದೆರಡಕ್ಕೆ ಸಣ್ಣ ಸಣ್ಣ ಪರೀಕ್ಷೆಗಳಷ್ಟೇ.

ಹರಳೆಣ್ಣೆ ಎಲ್ಲಕ್ಕಿಂತ ಸೌಮ್ಯ. ದಪ್ಪ ಚರ್ಮವನ್ನು ಮೆತ್ತಗೆ ಮಾಡುತ್ತದೆ, ಮರುದಿನ ಉಜ್ಜಲು ಸುಲಭ. ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ. ಬಾಳೆಹಣ್ಣಿನ ಸಿಪ್ಪೆಯ ಒಳಭಾಗವನ್ನು ನರುಲಿಗೆ ತಾಗಿಸಿ ರಾತ್ರಿ ಟೇಪು ಹಾಕುವುದು ಇನ್ನೊಂದು. ಅಪಾಯ ಇಲ್ಲ. ಲಾಭ ಬಂದರೆ ಅದು ಸಿಪ್ಪೆಗಿಂತ ಹೆಚ್ಚಾಗಿ ಮುಚ್ಚಿ ಒದ್ದೆ ಇಟ್ಟದ್ದರಿಂದ ಇರಬೇಕು. ಅರಿಶಿನ, ತುಳಸಿ ರಸ ಹಚ್ಚುವವರು ಹಚ್ಚಲಿ, ಕೆಡುಕಿಲ್ಲ.

ಬೆಳ್ಳುಳ್ಳಿ ಹಾಗಲ್ಲ. ಜಜ್ಜಿದಾಗ ಅದರಲ್ಲಿ ಅಲಿಸಿನ್ ಎಂಬ ಖಾರದ ವಸ್ತು ಹುಟ್ಟುತ್ತದೆ. ಅದು ಚರ್ಮವನ್ನು ಸುಡುತ್ತದೆ. ರಾತ್ರಿಯೆಲ್ಲ ಕಟ್ಟಿಕೊಂಡು ಮಲಗಿ ಬೆಳಗ್ಗೆ ಬೊಬ್ಬೆ ಎದ್ದವರು ಬಹಳ ಮಂದಿ. ಹಚ್ಚುವುದಾದರೆ ಸುತ್ತ ವ್ಯಾಸಲೀನ್ ಹಾಕಿ, ಸಾಸಿವೆ ಕಾಳಿನಷ್ಟು ಜಜ್ಜಿದ ಬೆಳ್ಳುಳ್ಳಿಯನ್ನು ನರುಲಿಯ ಮೇಲಿಟ್ಟು, ಹದಿನೈದು ನಿಮಿಷದಲ್ಲಿ ತೊಳೆದುಬಿಡಿ. ಉರಿ ಬಂದರೆ ಅದಕ್ಕೂ ಮೊದಲೇ ತೊಳೆಯಿರಿ. ಮಕ್ಕಳಿಗೆ ಬೇಡ.

ಪಪ್ಪಾಯಿಯ ಹಸಿ ಕಾಯಿಗೆ ಗೀರು ಹಾಕಿದರೆ ಬರುವ ಹಾಲಿನಲ್ಲಿ ಪಪೈನ್ ಇದೆ. ಮಾಂಸ ಬೇಗ ಬೇಯಲು ಪಪ್ಪಾಯಿ ಹಾಕುತ್ತಾರಲ್ಲ, ಅದೇ ಗುಣ. ಸತ್ತ ಚರ್ಮವನ್ನು ಸಡಿಲ ಮಾಡುತ್ತದೆ. ಕೆಲವರಿಗೆ ಅಲರ್ಜಿ ಆಗುತ್ತದೆ. ಮೊದಲು ನೀರು ಬೆರೆಸಿದ ಒಂದು ಹನಿಯನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ, ಒಂದು ದಿನ ಕಾದು ನೋಡಿ. ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ನಿಂಬೆ, ಹೇರಳೆಕಾಯಿ ರಸ ಹಚ್ಚಿ ಬಿಸಿಲಿಗೆ ಹೋಗಬೇಡಿ. ಲಿಂಬೆ ಜಾತಿಯ ರಸ ಮತ್ತು ಬಿಸಿಲು ಸೇರಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ವಿನೆಗರ್‌ನಲ್ಲಿ 4ರಿಂದ 5% ಅಸಿಟಿಕ್ ಆಸಿಡ್ ಇರುತ್ತದೆ. ಹತ್ತಿಯಲ್ಲಿ ನೆನೆಸಿ ರಾತ್ರಿ ಕಟ್ಟಿದರೆ ಸುಡುತ್ತದೆ. ಅದಕ್ಕಿಂತ ಅಳತೆ ಗೊತ್ತಿರುವ ಅಂಗಡಿ ಮದ್ದು ಎಷ್ಟೋ ವಾಸಿ.

ಹೋಮಿಯೋಪತಿಯ ಥೂಜಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಪಾದದ ನರುಲಿಗೆ ಹೋಮಿಯೋಪತಿ ಗುಳಿಗೆಗಳನ್ನು ಪರೀಕ್ಷಿಸಿದಾಗ ಬರೀ ಸಕ್ಕರೆ ಗುಳಿಗೆಗಿಂತ ಹೆಚ್ಚಿನ ಗುಣ ಕಂಡಿಲ್ಲ.

ಹಂತ 6: ಇವನ್ನು ಹಚ್ಚಲೇಬೇಡಿ

ಸುಣ್ಣ ಮತ್ತು ಒಗೆಯುವ ಸೋಡಾ. ಇವೆರಡನ್ನು ನೀರಲ್ಲಿ ಕಲಸಿದರೆ ಹುಟ್ಟುವುದು ಕಾಸ್ಟಿಕ್ ಸೋಡಾ. ಕಟ್ಟಿದ ಚರಂಡಿ ಬಿಡಿಸಲು ಹಾಕುವ ವಸ್ತು ಅದು. ಅದಕ್ಕೆ ನರುಲಿ ಯಾವುದು, ಚರ್ಮ ಯಾವುದು ಎಂದು ಗೊತ್ತಿಲ್ಲ. ಇಳಿದಷ್ಟು ಆಳಕ್ಕೆ ಕರಗಿಸುತ್ತಾ ಹೋಗುತ್ತದೆ. ನನ್ನ ಬೆರಳಿನ ಕಲೆ ಅದರದೇ.

ಗೇರು ಬೀಜದ ಸಿಪ್ಪೆಯ ಎಣ್ಣೆ. ಗೇರು ಬೀಜ ಸುಟ್ಟು ತಿನ್ನಲು ಹೋಗಿ ತುಟಿ ಸುಟ್ಟುಕೊಳ್ಳದ ಮಲೆನಾಡಿನ ಮಕ್ಕಳು ಇದ್ದಾರಾ? ಆ ಸೊನೆಯನ್ನೇ ನರುಲಿಗೆ ಇಡುತ್ತಾರೆ. ಅಲರ್ಜಿ ಇದ್ದವರಿಗೆ ಕೈಯಿಡೀ ಬೊಬ್ಬೆ ಏಳುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಗುಡ್ಡೇಗೇರಿನ ಸೊನೆ ಕೂಡ ಇದೇ ಜಾತಿಯದು. ಆಯುರ್ವೇದದಲ್ಲಿ ಅದನ್ನು ಶುದ್ಧಿ ಮಾಡದೆ ಬಳಸುವುದಿಲ್ಲ ಎನ್ನುವುದನ್ನು ನೆನಪಿಡಿ.

ಎಕ್ಕದ ಹಾಲು, ಕಳ್ಳಿ ಹಾಲು. ಇವು ಚರ್ಮಕ್ಕಿಂತ ಕಣ್ಣಿಗೆ ದೊಡ್ಡ ಅಪಾಯ. ಹಾಲು ತಾಗಿದ ಬೆರಳಿನಿಂದ ಮರೆತು ಕಣ್ಣು ಉಜ್ಜಿದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಊದಿಕೊಂಡು ನೋಟ ಮಸುಕಾಗುತ್ತದೆ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಕೂಡಲೇ ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ನೋವು ಇಲ್ಲದಿದ್ದರೂ ಅವತ್ತೇ ಕಣ್ಣಿನ ವೈದ್ಯರಿಗೆ ತೋರಿಸಿ. ನೋವಿಲ್ಲ ಎಂದು ಕಾದು ಕೂತರೆ ಕಷ್ಟ.

ಬ್ಯಾಟರಿ ಆಸಿಡ್, ಊದಿನಕಡ್ಡಿಯ ಕೆಂಡ, ಕಾಯಿಸಿದ ಸೂಜಿ, ಬ್ಲೇಡು ಯಾವುದೂ ಬೇಡ. ಯಾರಾದರೂ ಈಗಾಗಲೇ ಇಂತಹದ್ದು ಹಚ್ಚಿ ಸುಟ್ಟುಕೊಂಡಿದ್ದರೆ 20 ನಿಮಿಷ ಹರಿಯುವ ತಣ್ಣೀರಿನಲ್ಲಿ ತೊಳೆಯಿರಿ. ಬೆಣ್ಣೆ, ಟೂತ್‌ಪೇಸ್ಟ್, ಶಾಯಿ ಮೆತ್ತಬೇಡಿ. ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ.

ಹಂತ 7: ಮನೆಯವರಿಗೆ ಹರಡದಂತೆ

ನರುಲಿಯ ರಕ್ತ ಬಿದ್ದಲ್ಲೆಲ್ಲ ನರುಲಿ ಏಳುತ್ತದೆ ಎನ್ನುವ ಮಾತಿದೆ. ವೈರಸ್ ರಕ್ತದಲ್ಲಿ ಇರುವುದಿಲ್ಲ, ಚರ್ಮದ ಪುಡಿಯಲ್ಲಿರುತ್ತದೆ. ಆದರೆ ಕೆರೆದಾಗ, ಕಿತ್ತಾಗ ಆ ಪುಡಿ ಹೊಸ ಗೀರಿಗೆ ಸೇರುವುದರಿಂದ ಮಾತು ನಿಜ ಅನ್ನಿಸುತ್ತದೆ. ಉಗುರು ಕಚ್ಚುವ ಮಕ್ಕಳಿಗೆ ಬೆರಳಿನಿಂದ ತುಟಿಗೂ ಬರುತ್ತದೆ. ಗಂಡಸರು ಗಡ್ಡದ ಜಾಗದಲ್ಲಿ ನರುಲಿ ಇದ್ದರೆ ಬ್ಲೇಡಿನಿಂದ ಬೋಳಿಸಬಾರದು, ಸಾಲಾಗಿ ಏಳುತ್ತವೆ.

ಟವೆಲ್, ಕಾಲ್ಚೀಲ, ಉಗುರು ಕತ್ತರಿ ಬೇರೆ ಇರಲಿ. ಬಚ್ಚಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ. ಮಳೆಗಾಲದಲ್ಲಿ ತೋಟದಿಂದ ಬಂದ ಮೇಲೆ ಕಾಲು ತೊಳೆದು ಬೆರಳ ಸಂದಿನವರೆಗೆ ಒರೆಸಿ, ಒಲೆಯ ಮುಂದೆ ಸ್ವಲ್ಪ ಹೊತ್ತು ಕಾಲು ಚಾಚಿ ಕೂರಿ. ರಾತ್ರಿ ಹಿಮ್ಮಡಿಗೆ, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಒಡಕು ಕಡಿಮೆಯಾಗುತ್ತದೆ. ಮಗುವನ್ನು ಶಾಲೆ ಬಿಡಿಸುವುದು ಬೇಡ. ನರುಲಿಗೆ ಒಂದು ಪಟ್ಟಿ ಅಂಟಿಸಿ ಕಳಿಸಿ. ನರುಲಿ ಇರುವ ಮಗುವಿನ ಜೊತೆ ಆಡಬೇಡ ಎಂದು ನಿಮ್ಮ ಮಕ್ಕಳಿಗೆ ಹೇಳಬೇಡಿ. ನನಗೆ ಹಾಗೆ ಹೇಳಿದ್ದರು, ಅದು ಸುಣ್ಣಕ್ಕಿಂತ ಹೆಚ್ಚು ಉರಿದಿತ್ತು.

ಹಂತ 8: ವೈದ್ಯರ ಬಳಿ ಹೋಗುವುದು

12 ವಾರ ಸರಿಯಾಗಿ ಮಾಡಿದ ಮೇಲೂ ಹೋಗದಿದ್ದರೆ, ಹೆಚ್ಚಾಗುತ್ತಿದ್ದರೆ, ಕೀವು, ಕೆಂಪು, ಜ್ವರ ಬಂದರೆ ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಅಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವಾಗ ನೀವು ಏನೇನು ಹಚ್ಚಿದ್ದೀರಿ ಎಂದು ಒಂದನ್ನೂ ಬಿಡದೆ ಹೇಳಿ. ಫೋಟೊಗಳನ್ನು ತೋರಿಸಿ.

ಅಲ್ಲಿ ಏನು ಮಾಡುತ್ತಾರೆ ಎಂದು ಗೊತ್ತಿದ್ದರೆ ಹೆದರಿಕೆ ಕಡಿಮೆ. ಒಂದು, ಮೈನಸ್ 196 ಡಿಗ್ರಿಯಷ್ಟು ತಣ್ಣಗಿರುವ ದ್ರವ ಸಾರಜನಕ ತಾಗಿಸಿ ನರುಲಿಯನ್ನು ಹೆಪ್ಪುಗಟ್ಟಿಸುವುದು. ಚುರ್ ಎನ್ನುತ್ತದೆ, ಬೊಬ್ಬೆ ಏಳಬಹುದು. ಎರಡು ಮೂರು ವಾರಕ್ಕೊಮ್ಮೆ ಕೆಲವು ಸಲ ಹೋಗಬೇಕಾಗುತ್ತದೆ. ಎರಡು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಿದ್ಯುತ್ ಶಾಖದಿಂದ ತೆಗೆಯುವುದು. ಮೂರು, ತುಂಬ ನರುಲಿ ಇದ್ದವರಿಗೆ ಮಕ್ಕಳ ಎಂಎಂಆರ್ ಲಸಿಕೆಯಂತಹದನ್ನು ನರುಲಿಗೇ ಚುಚ್ಚಿ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವುದು. ಇವುಗಳಲ್ಲಿ ಯಾವುದು ಮಾಡಿದರೂ ನರುಲಿ ಮತ್ತೆ ಬರುವುದಿಲ್ಲ ಎಂಬ ಖಾತರಿ ಇಲ್ಲ. ವೈದ್ಯರೂ ಅದನ್ನೇ ಹೇಳುತ್ತಾರೆ.

ಹೋಯಿತು ಎಂದು ಗೊತ್ತಾಗುವುದು ಹೇಗೆ

ಸಮತಟ್ಟಾದ ಕೂಡಲೇ ನಿಲ್ಲಿಸಬೇಡಿ. ಬೆಳಕಿಗೆ ಹಿಡಿದು ನೋಡಿ. ಬೆರಳಚ್ಚಿನ ಗೆರೆಗಳು ಆ ಜಾಗದ ಮೇಲೆ ಮೊದಲಿನಂತೆ ಅಡ್ಡ ಹಾದು ಹೋಗಬೇಕು. ಕಪ್ಪು ಚುಕ್ಕೆ ಒಂದೂ ಇರಬಾರದು. ಆಮೇಲೆ ಮೂರು ತಿಂಗಳು ವಾರಕ್ಕೊಮ್ಮೆ, ಮಗುವಿಗೆ ಸ್ನಾನ ಮಾಡಿಸುವಾಗ ಬೆರಳಿಂದ ಸವರಿ ನೋಡಿ. ಒರಟಾಗಿ ತಾಗಿದರೆ ಅವತ್ತು ರಾತ್ರಿಯೇ ಬೋಗುಣಿ ತೆಗೆದು ಮತ್ತೆ ನೆನೆಸಲು ಶುರು ಮಾಡಿ. ಸಾಸಿವೆಯಷ್ಟು ಇರುವಾಗ ಹಿಡಿದರೆ 12 ವಾರ ಬೇಕಾಗುವುದಿಲ್ಲ.